ಆರು ವೋಲ್ಟಿನ ಜಾವಾದಲ್ಲಿ ಕಿಡಿ ಮಂಕಾದಾಗ ನಾನು ನೋಡುವ ಕ್ರಮ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿದ 250 ಸಿಸಿ ಜಾವಾ ಬೈಕ್, ಆಮೇಲೆ ಬಂದ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಇರುವ ಹಳೆಯ ಯೆಜ್ಡಿ, ಎರಡರಲ್ಲೂ ಕಿಡಿ ಹುಟ್ಟುವುದು 6 ವೋಲ್ಟ್ ಬ್ಯಾಟರಿಯಿಂದ. ಕಿಡಿ ಮಂಕಾದ ಕೂಡಲೇ ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸುರುಳಿ), ಕಂಡೆನ್ಸರ್ (ಕರೆಂಟ್ ಕಡಿಯುವಲ್ಲಿ ಕಿಡಿ ಹಾರದಂತೆ ತಡೆಯುವ ಡಬ್ಬಿ), ಪ್ಲಗ್ ಮೂರನ್ನೂ ಹೊಸದಾಗಿ ತಂದು ಹಾಕುವವರೇ ಹೆಚ್ಚು. ನಾನು ಮೊದಲು ಮಲ್ಟಿಮೀಟರ್ ತೆಗೆಯುತ್ತೇನೆ. 12 ವೋಲ್ಟಿನ ಗಾಡಿಯಲ್ಲಿ ವೈರು, ಸ್ವಿಚ್ಚುಗಳಲ್ಲಿ ಒಂದು ವೋಲ್ಟ್ ಕಳೆದುಹೋದರೂ ಹೇಗೋ ನಡೆಯುತ್ತದೆ. ಇಲ್ಲಿ ಅಷ್ಟು ಕಳೆದರೆ ಕಾಯಿಲ್‌ನಲ್ಲಿ ತುಂಬುವ ಶಕ್ತಿಯಲ್ಲಿ ಸುಮಾರು ಶೇ. 30 ಕಡಿಮೆಯಾಗುತ್ತದೆ.

ಪ್ಲಗ್ ಬಿಚ್ಚಿ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದು ನೋಡುವ ಪರೀಕ್ಷೆಯನ್ನು ನಾನು ಪೂರ್ತಿ ನಂಬುವುದಿಲ್ಲ. 0.6 ಮಿ.ಮೀ. ಗ್ಯಾಪನ್ನು ಬಯಲಿನ ಗಾಳಿಯಲ್ಲಿ ದುರ್ಬಲ ಕಿಡಿಯೂ ದಾಟುತ್ತದೆ. ಸಿಲಿಂಡರಿನ ಒತ್ತಡದಲ್ಲಿ ಅದೇ ಕಿಡಿ ಸತ್ತುಹೋಗುತ್ತದೆ. ಅದಕ್ಕೇ ಪ್ಲಗ್ ಕ್ಯಾಪ್ ಕಳಚಿ, ಕಾಯಿಲ್‌ನಿಂದ ಪ್ಲಗ್ಗಿಗೆ ಬರುವ ಹೈಟೆನ್ಷನ್ ವೈರಿನ ತುದಿಯನ್ನು ಸಿಲಿಂಡರಿನ ಫಿನ್ನಿನಿಂದ 5–6 ಮಿ.ಮೀ. ದೂರದಲ್ಲಿ ಒಣ ಮರದ ಕಡ್ಡಿಗೆ ಕಟ್ಟಿ ನಿಲ್ಲಿಸಿ ನೋಡುತ್ತೇನೆ. ಚಟ್ ಎಂದು ನೀಲಿ ಕಿಡಿ ಹಾರಿದರೆ ಕಾಯಿಲ್ ತನಕ ಎಲ್ಲ ಸರಿ. ತಪ್ಪು ಕ್ಯಾಪಿನಲ್ಲೋ ಪ್ಲಗ್ಗಿನಲ್ಲೋ ಇದೆ. ತೆಳ್ಳಗೆ, ಕಿತ್ತಳೆ ಬಣ್ಣದ್ದಾದರೆ ಹಿಂದಕ್ಕೆ ಹುಡುಕಬೇಕು. ಈ ಪರೀಕ್ಷೆ ಮಾಡುವಾಗ ಪ್ಲಗ್ ಅದರ ಜಾಗದಲ್ಲೇ ಇರಲಿ. ತೆರೆದ ರಂಧ್ರದಿಂದ ಪೆಟ್ರೋಲ್ ಆವಿ ಬರುತ್ತದೆ.

ಮುಂದಿನದು ಬ್ಯಾಟರಿ. ಪೂರ್ತಿ ಚಾರ್ಜ್ ಆದದ್ದು ಸುಮ್ಮನಿರುವಾಗ 6.3 ವೋಲ್ಟಿನ ಆಸುಪಾಸು ತೋರಿಸಬೇಕು. ಕೀ ಹಾಕಿ, ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಹರಿಸಿ ಕಡಿಯುವ ಪುಟ್ಟ ಸ್ವಿಚ್ಚು) ಮುಚ್ಚಿರುವ ಕಡೆ ಎಂಜಿನ್ ನಿಲ್ಲಿಸಿದಾಗಲೂ 6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಬ್ಯಾಟರಿ ಸರಿಮಾಡದೆ ಮುಂದೆ ಹೋಗುವುದು ವ್ಯರ್ಥ.

ಬ್ಯಾಟರಿ ಸರಿಯಿದ್ದರೆ ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಲೈವ್ ತುದಿಗೆ, ಇನ್ನೊಂದನ್ನು ಕಾಯಿಲ್‌ಗೆ ಕರೆಂಟ್ ಬರುವ ತುದಿಗೆ ಇಡುತ್ತೇನೆ. 0.3 ವೋಲ್ಟ್ ಮೀರಿದರೆ ಕಳ್ಳ ಈ ನಡುವೆಯೇ ಇದ್ದಾನೆ: ಕೀ ಸ್ವಿಚ್ಚಿನ ಕಪ್ಪಾದ ಕಾಂಟ್ಯಾಕ್ಟ್, ಫ್ಯೂಸಿನ ತುಕ್ಕು ಹಿಡಿದ ಕ್ಲಿಪ್ಪು, ಇಲ್ಲವೇ ಯಾರೋ ಹಾಕಿದ ತೆಳು ವೈರು. ಬ್ಯಾಟರಿಯಿಂದ ನೇರ ಕಾಯಿಲ್‌ಗೆ ಒಂದು ವೈರು ಎಳೆದು ನೋಡಿದರೆ ಖಾತ್ರಿಯಾಗುತ್ತದೆ. ಎಂಜಿನ್ ನಿಂತಿರುವಾಗ ಆ ವೈರನ್ನು ಹಾಗೇ ಬಿಡಬಾರದು, ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಕಾದು ಕೆಡುತ್ತದೆ.

ಅತಿ ಹೆಚ್ಚು ವಿಷಯ ತಿಳಿಯುವುದು ಕಾಯಿಲ್‌ನ ಪಾಯಿಂಟ್ ಕಡೆಯ ತುದಿಯಲ್ಲಿ. ಅಲ್ಲಿಂದ ಎಂಜಿನ್ ಬಾಡಿಗೆ ಮೀಟರ್ ಇಟ್ಟು ಕಿಕ್ಕರನ್ನು ನಿಧಾನವಾಗಿ ತಿರುಗಿಸಿ. ಪಾಯಿಂಟ್ ತೆರೆದಾಗ ಬ್ಯಾಟರಿಯ ಪೂರ್ತಿ ವೋಲ್ಟೇಜ್, ಮುಚ್ಚಿದಾಗ 0.2ಕ್ಕಿಂತ ಕಡಿಮೆ ಬರಬೇಕು. ತೆರೆದಾಗಲೂ ಸೊನ್ನೆಯೇ ಇದ್ದರೆ, ಒಂದೋ ಕಾಯಿಲ್‌ಗೆ ಕರೆಂಟೇ ಬರುತ್ತಿಲ್ಲ, ಇಲ್ಲವೇ ಕಂಡೆನ್ಸರ್ ಶಾರ್ಟ್ ಆಗಿದೆ, ಅದೂ ಅಲ್ಲದಿದ್ದರೆ ಪಾಯಿಂಟಿನ ಸ್ಕ್ರೂ ಕೆಳಗಿನ, ಕರೆಂಟ್ ತಡೆಯುವ ಫೈಬರ್ ವಾಷರ್ ತಪ್ಪು ಜಾಗದಲ್ಲಿದೆ. ಪಾಯಿಂಟ್ ಸೆಟ್ ಬದಲಿಸಿದ ಮೇಲೆ ಕಿಡಿಯೇ ಇಲ್ಲ ಎಂದು ಬರುವ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಆ ವಾಷರನ್ನೇ. ಮುಚ್ಚಿದಾಗಲೂ 1–2 ವೋಲ್ಟ್ ಉಳಿದರೆ ಪಾಯಿಂಟ್ ಕೊಳೆಯಾಗಿದೆ, ಅಥವಾ ಅರ್ತ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಸರಿಯಿಲ್ಲ.

ಪಾಯಿಂಟ್‌ಗೆ ಎಮೆರಿ ಪೇಪರ್ ಉಜ್ಜಬೇಡಿ, ಅದರ ಹರಳು ಲೋಹದಲ್ಲಿ ಸಿಕ್ಕಿಕೊಳ್ಳುತ್ತದೆ. ಸಣ್ಣ ಪಾಯಿಂಟ್ ಫೈಲ್ ಆಡಿಸಿ, ಪೆಟ್ರೋಲ್ ತಾಗಿಸಿದ ಬಿಳಿ ಕಾಗದದ ಪಟ್ಟಿ ಎಳೆದು, ಕೊನೆಗೆ ಒಣ ಕಾಗದ ಎಳೆಯಿರಿ. ಒರೆಸಿದ ಕೆಲವೇ ದಿನಕ್ಕೆ ಮತ್ತೆ ಎಣ್ಣೆ ಕಂಡರೆ ಡೈನಮೋ ಕಡೆಯ ಕ್ರ್ಯಾಂಕ್ ಸೀಲ್ ಸೋರುತ್ತಿದೆ. ಸೀಲ್ ಬದಲಿಸದೆ ಪಾಯಿಂಟ್ ಉಳಿಯುವುದಿಲ್ಲ.

ಹೊಸದಾಗಿ ಪೇಂಟ್ ಅಥವಾ ಪೌಡರ್ ಕೋಟಿಂಗ್ ಆದ ಗಾಡಿಯಲ್ಲಿ ಅರ್ತನ್ನೇ ಮೊದಲು ಅನುಮಾನಿಸುತ್ತೇನೆ. ಎಂಜಿನ್ ಮೌಂಟಿಂಗಿಗೂ ಬಣ್ಣ ಹತ್ತಿದ್ದರೆ ಕರೆಂಟ್ ವಾಪಸ್ ಬರಲು ದಾರಿಯೇ ಇರುವುದಿಲ್ಲ. ಬ್ಯಾಟರಿಯ ಅರ್ತ್ ತುದಿಯಿಂದ ಎಂಜಿನ್ ಬೋಲ್ಟಿಗೆ ನೇರವಾಗಿ 2.5 ಚದರ ಮಿ.ಮೀ. ವೈರ್ ಹಾಕಿದರೆ ಈ ತಲೆನೋವು ಶಾಶ್ವತವಾಗಿ ಹೋಗುತ್ತದೆ.

ಪಾಯಿಂಟ್ ನಡುವೆ ದೊಡ್ಡ ಕಿಡಿ ಸಿಡಿದು, ಪ್ಲಗ್ಗಿನಲ್ಲಿ ಮಾತ್ರ ಮಂಕಾಗಿದ್ದರೆ ಕಂಡೆನ್ಸರ್ ಕೆಲಸ ಬಿಟ್ಟಿದೆ. ಹಳೆಯದರ ವೈರು ಕಳಚಿ, ಚೆನ್ನಾಗಿರುವ ಯಾವುದಾದರೂ ಕಾರಿನ ಕಂಡೆನ್ಸರನ್ನು ಪಾಯಿಂಟ್ ತುದಿಗೆ ಸೇರಿಸಿ, ಅದರ ಡಬ್ಬಿಯನ್ನು ಅರ್ತಿಗೆ ತಾಗಿಸಿ ನೋಡಿ. ತಣ್ಣಗಿದ್ದಾಗ ಓಡಿ, ಬಿಸಿಯಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಕಂಡೆನ್ಸರ್, ಕಾಯಿಲ್ ಎರಡನ್ನೂ ಬಿಸಿಯಿರುವಾಗಲೇ ಪರೀಕ್ಷಿಸಬೇಕು.

ಕಾಯಿಲ್ ಬದಲಿಸುವುದು ಇಷ್ಟೆಲ್ಲ ಆದಮೇಲೆ. 6 ವೋಲ್ಟಿನದರ ಪ್ರೈಮರಿ (ಬ್ಯಾಟರಿ ಕರೆಂಟ್ ಹರಿಯುವ ಸುರುಳಿ) ಸುಮಾರು 1.5ರಿಂದ 2 ಓಮ್. 3 ಓಮ್ ಮೀರಿದ್ದರೆ ಅದು 12 ವೋಲ್ಟಿನದು. ಅದರಲ್ಲಿ ಹರಿಯುವುದು ಅರ್ಧ ಕರೆಂಟ್, ಹೊಸದಾದರೂ ಕಿಡಿ ಮಂಕೇ.

ಕೊನೆಗೆ ಪಾಯಿಂಟ್ ಗ್ಯಾಪ್: ಕ್ಯಾಮ್ ಅತಿ ಹೆಚ್ಚು ಎತ್ತಿದಲ್ಲಿ ಫೀಲರ್ ಗೇಜಿನಿಂದ 0.4 ಮಿ.ಮೀ. ಅಳತೆ ಹಿಡಿದ ಮೇಲೆ ಡೈನಮೋದ ತಿರುಗುವ ಭಾಗವಾದ ರೋಟರನ್ನು ಕೈಯಲ್ಲಿ ಮೇಲೆ ಕೆಳಗೆ ಅಲುಗಾಡಿಸಿ. ಗ್ಯಾಪ್ ಬದಲಾದರೆ ಕ್ರ್ಯಾಂಕ್ ಬೇರಿಂಗ್ ಸವೆದಿದೆ, ಕಿಡಿ ಒಂದೊಂದು ಸುತ್ತಿಗೆ ಒಂದೊಂದು ಕ್ಷಣಕ್ಕೆ ಬೀಳುತ್ತದೆ. ಬದಲಾಗದಿದ್ದರೆ ಟೈಮಿಂಗ್ (ಕಿಡಿ ಬೀಳುವ ಕ್ಷಣ) ಹೊಸದಾಗಿ ಹೊಂದಿಸಿ. ಗ್ಯಾಪ್ ಮುಟ್ಟಿದಾಗಲೆಲ್ಲ ಟೈಮಿಂಗ್ ಸರಿಯುತ್ತದೆ.