ಬಾತ ಕಾಲಿಗೆ ಬ್ಯಾಂಡೇಜ್ ಕಟ್ಟುವ ಮೊದಲು

ಅಘನಾಶಿನಿ ಅಳಿವೆಯ ಸುತ್ತಲಿನ ಊರುಗಳಿಂದ ನಮ್ಮ ಆಸ್ಪತ್ರೆಗೆ ಬರುವವರಲ್ಲಿ ಕಾಲು ಬಾತವರು ಬಹುಮಟ್ಟಿಗೆ ‘ಆನೆಕಾಲು’ ಎಂದು ತಾವೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ. ಉತ್ತರ ಕನ್ನಡ ಜಿಲ್ಲೆ ಫೈಲೇರಿಯಾ (ಸೊಳ್ಳೆಯಿಂದ ಹರಡುವ, ಆನೆಕಾಲು ತರುವ ಹುಳುರೋಗ) ಪೀಡಿತ ಪ್ರದೇಶವೆಂದು ಗುರುತಾಗಿರುವುದರಿಂದ ಆ ಅಂಜಿಕೆಯಲ್ಲಿ ತಪ್ಪಿಲ್ಲ. ಆದರೆ ಬಾವು ಅಭಿಧಮನಿಯಿಂದ (ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ) ಬಂದದ್ದೋ, ದುಗ್ಧರಸ ನಾಳ (ಅಂಗಾಂಶದ ಹೆಚ್ಚುವರಿ ದ್ರವವನ್ನು ಒಯ್ಯುವ ನಾಳ) ಕಟ್ಟಿಕೊಂಡು ಬಂದದ್ದೋ, ಅದೇ ಕಾಲಿಗೆ ಅಪಧಮನಿಯ (ಹೃದಯದಿಂದ ರಕ್ತ ತರುವ ನಾಳ) ರಕ್ತ ಸರಿಯಾಗಿ ತಲುಪುತ್ತಿದೆಯೋ ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳದೆ ನಾನು ಬ್ಯಾಂಡೇಜ್ ಕೈಗೆತ್ತಿಕೊಳ್ಳುವುದಿಲ್ಲ. ಏಕೆಂದರೆ ಮೊದಲಿನ ಎರಡಕ್ಕೆ ಹಿತವಾದ ಬಿಗಿತವೂ ಕಾಲು ಎತ್ತಿಡುವುದೂ ಮೂರನೆಯ ತೊಂದರೆ ಇರುವವರಿಗೆ ಅಪಾಯಕಾರಿ.

ಪರೀಕ್ಷೆ ಮಾತಿನಿಂದಲೇ ಶುರುವಾಗುತ್ತದೆ. ‘ಅಜ್ಜಾ, ಪೇಟೆಯಿಂದ ಮನೆಗೆ ನಡೆಯುವಾಗ ಎಲ್ಲಿ ನಿಲ್ಲುತ್ತೀರಿ?’ ಎಂದರೆ ಬರುವ ಉತ್ತರ ‘ಕಾಲು ನೋಯುತ್ತದೆಯೇ?’ ಎಂಬುದಕ್ಕೆ ಬರುವ ಉತ್ತರಕ್ಕಿಂತ ಉಪಯುಕ್ತ. ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಕೆಲವೇ ನಿಮಿಷಗಳಲ್ಲಿ ಬಿಡುವ ನೋವು, ರಾತ್ರಿ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ಸಿಗುವ ಆರಾಮ, ಜೊತೆಗೆ ಬೀಡಿ ಅಥವಾ ಸಕ್ಕರೆ ಕಾಯಿಲೆ ಇದ್ದರೆ ನನ್ನ ಗಮನ ಅಪಧಮನಿಯ ಕಡೆಗೆ ತಿರುಗುತ್ತದೆ. ಬೆಳಗಿನಿಂದ ಒಂದೇ ಕಡೆ ಕೂತು ಮೀನು ಮಾರುವ ಹೆಂಗಸರಲ್ಲಿ ಸಂಜೆಗೆ ಏರಿ ಬೆಳಿಗ್ಗೆ ಇಳಿಯುವ ಬಾವು ಸಾಮಾನ್ಯವಾಗಿ ಅಭಿಧಮನಿಯದು. ಚಳಿಜ್ವರದೊಂದಿಗೆ ಕಾಲು ಕೆಂಪಾಗಿ, ಮತ್ತೆ ಮತ್ತೆ ಮರುಕಳಿಸುತ್ತಿದ್ದರೆ ದುಗ್ಧರಸ ನಾಳದ ಶಂಕೆ ಬಲವಾಗುತ್ತದೆ.

ಆಮೇಲೆ ಪರದೆ ಎಳೆದು, ಎರಡೂ ಕಾಲುಗಳನ್ನು ತೊಡೆಯವರೆಗೆ ತೆರೆದು ಮಲಗಿಸುತ್ತೇನೆ. ಸೀರೆಯನ್ನು ಮೊಣಕಾಲಿನವರೆಗಷ್ಟೇ ಸರಿಸಿ ನೋಡಿದ್ದು ಪರೀಕ್ಷೆಯಲ್ಲ. ಹಿಮ್ಮಡಿ, ಬೆರಳ ಸಂದು, ಅಂಗಾಲುಗಳನ್ನು ಬಿಡದೆ ನೋಡಬೇಕು. ಗಜನಿ ಗದ್ದೆಯಲ್ಲೂ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ) ಬಳಚು (ಚಿಪ್ಪುಮೀನು) ಹೆಕ್ಕುವಲ್ಲೂ ನೀರಲ್ಲೇ ನಿಲ್ಲುವವರ ಬೆರಳ ಸಂದಿನ ಕೆಸರುಹುಣ್ಣು, ಬಾತ ಕಾಲಿಗೆ ಸೋಂಕು ನುಗ್ಗುವ ಬಾಗಿಲು. ಒಳಹರಡಿನ ಮೇಲೆ ಕಂದು ಕಲೆಯೊಡನೆ ಇರುವ ಅಗಲವಾದ ಒಸರುಹುಣ್ಣು ಅಭಿಧಮನಿಯ ಲಕ್ಷಣ. ಬೆರಳ ತುದಿಯಲ್ಲೋ ಹಿಮ್ಮಡಿಯಲ್ಲೋ ಕತ್ತರಿಸಿ ತೆಗೆದಂತಹ ಅಂಚುಳ್ಳ, ತುಂಬ ನೋಯುವ ಹುಣ್ಣು ಅಪಧಮನಿಯದು.

ಕೈಯ ಹಿಂಭಾಗದಿಂದ ಎರಡೂ ಕಾಲಿನ ಬಿಸಿಯನ್ನು ಮೇಲಿನಿಂದ ಕೆಳಕ್ಕೆ ಹೋಲಿಸುತ್ತೇನೆ. ಉಗುರನ್ನು ಒತ್ತಿ ಬಿಟ್ಟಾಗ ಬಣ್ಣ ಸುಮಾರು 2 ಸೆಕೆಂಡಿನೊಳಗೆ ಮರಳಬೇಕು. ಆದರೆ ಮಳೆಗಾಲದಲ್ಲಿ ತೊಯ್ದು ಬಂದವರಲ್ಲಿ ಅದು ತಡವಾಗುವುದರಿಂದ, ಕಾಲು ಒರೆಸಿ, ಬೆಚ್ಚಗಾದ ಮೇಲಷ್ಟೇ ಎಣಿಸುತ್ತೇನೆ. ಪಾದದ ಮೇಲಿನ ನಾಡಿ ಕೆಲವು ಆರೋಗ್ಯವಂತರಲ್ಲೂ ಸಿಗದು. ಆದ್ದರಿಂದ ಒಳಹರಡಿನ ಹಿಂದಿನ ನಾಡಿಯನ್ನೂ ನೋಡಲೇಬೇಕು. ಬೆರಳನ್ನು ಹಗುರವಾಗಿಟ್ಟು, ಹೆಬ್ಬೆರಳನ್ನು ದೂರವಿಡಬೇಕು, ಇಲ್ಲವಾದರೆ ನಮ್ಮ ನಾಡಿಯನ್ನೇ ರೋಗಿಯದೆಂದು ಎಣಿಸುವ ಸಂಭವವಿದೆ.

ನಾಡಿ ಮಂದವೆನಿಸಿದರೆ, ರೋಗಿ ಸುಮಾರು ಹತ್ತು ನಿಮಿಷ ಮಲಗಿದ ಬಳಿಕ ಡಾಪ್ಲರ್‌ನಿಂದ (ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಉಪಕರಣ) ಹರಡಿನ ಸಿಸ್ಟಾಲಿಕ್ ಒತ್ತಡ (ರಕ್ತದೊತ್ತಡದ ಮೇಲಿನ ಅಂಕಿ) ಅಳೆದು, ಎರಡು ತೋಳುಗಳ ಒತ್ತಡದ ಪೈಕಿ ಹೆಚ್ಚಿನದರಿಂದ ಭಾಗಿಸುತ್ತೇನೆ. 0.9 ಅಥವಾ ಅದಕ್ಕಿಂತ ಕಡಿಮೆಯೆಂದರೆ ಅಪಧಮನಿ ಕಿರಿದಾಗಿದೆ ಎಂದರ್ಥ. 0.8ಕ್ಕಿಂತ ಕೆಳಗಿದ್ದರೆ ವೈದ್ಯರ ಆದೇಶವಿಲ್ಲದೆ ಬಿಗಿಯಾಗಿ ಕಟ್ಟುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಡುಸಾಗಿ 1.4ಕ್ಕಿಂತ ಮೇಲೆ ಬಂದರೆ ಆ ಅಂಕಿಯನ್ನು ನಂಬುವುದಿಲ್ಲ.

ದುಗ್ಧರಸದ ಬಾವಿಗೆ ನನಗೆ ಹೆಚ್ಚು ನೆರವಾಗುವುದು ಸ್ಟೆಮ್ಮರ್ ಚಿಹ್ನೆ: ಎರಡನೆಯ ಕಾಲ್ಬೆರಳ ಬುಡದ ಚರ್ಮವನ್ನು ಚಿವುಟಿ ಎತ್ತಲಾಗದಿದ್ದರೆ ಅದು ದುಗ್ಧರಸದ ಬಾವೇ ಎನ್ನಬಹುದು, ಎತ್ತಲು ಬಂದ ಮಾತ್ರಕ್ಕೆ ಅಲ್ಲವೆನ್ನಲಾಗದು. ತೊಡೆಸಂದಿನ ದುಗ್ಧರಸ ಗಂಟುಗಳನ್ನು ಒತ್ತಿ ಗಾತ್ರ, ನೋವು, ಗಡುಸುತನ, ಅಲುಗಾಟ ಗಮನಿಸುತ್ತೇನೆ. ಬರಿಗಾಲಲ್ಲಿ ದುಡಿಯುವವರಿಗೆ ಚಿಕ್ಕ, ನೋವಿಲ್ಲದ ಗಂಟುಗಳು ಇರುವುದುಂಟು. ಫೈಲೇರಿಯಾ ಶಂಕೆಯಿದ್ದರೆ ರಕ್ತಲೇಪನಕ್ಕೆ ರಾತ್ರಿ 10ರಿಂದ 2ರ ನಡುವೆ ಬರಲು ಹೇಳಬೇಕಾಗುತ್ತದೆ, ಏಕೆಂದರೆ ಫೈಲೇರಿಯಾದ ಮರಿಹುಳುಗಳು ಹೊರಮೈಯ ರಕ್ತಕ್ಕೆ ಬರುವುದು ಆಗಲೇ. ಹಳೆಯ ಬಾವು ಇರುವವರಲ್ಲಿ ಅವು ಸಿಗದಿರುವುದೂ ಉಂಟು.

ಒಂದೇ ಮೀನಖಂಡ ಹಠಾತ್ತನೆ ಬಾತು, ಟೇಪಿನಲ್ಲಿ ಇನ್ನೊಂದಕ್ಕಿಂತ 3 ಸೆಂ.ಮೀ.ಗೂ ಹೆಚ್ಚು ಬಂದರೆ, ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಶಂಕೆಯಿಂದ ಉಳಿದ ಪರೀಕ್ಷೆ ನಿಲ್ಲಿಸಿ ವೈದ್ಯರನ್ನು ಕರೆಯುತ್ತೇನೆ. ಆ ಕಾಲನ್ನು ಯಾರೂ ತಿಕ್ಕಬಾರದೆಂದು ಜೊತೆಗೆ ಬಂದವರಿಗೂ ಹೇಳಿರುತ್ತೇನೆ. ಪಾದವನ್ನು ಮೇಲಕ್ಕೆ ಬಗ್ಗಿಸಿ ನೋಯಿಸುವ ಹಳೆಯ ಹೋಮನ್ಸ್ ಪರೀಕ್ಷೆಯನ್ನು ನಾನು ಮಾಡುವುದಿಲ್ಲ.