ಟೈಮಿಂಗ್ ಬೆಲ್ಟ್ ಕಟ್ ಆದರೆ ಮತ್ತೆ ಸೆಲ್ಫ್ ಹೊಡೆಯಬೇಡಿ

ಓಡುತ್ತಿದ್ದ ಕಾರು ಇದ್ದಕ್ಕಿದ್ದಂತೆ ಆಫ್ ಆದರೆ ಯಾರ ಕೈಯಾದರೂ ಮೊದಲು ಹೋಗುವುದು ಕೀ ಕಡೆಗೆ, ಅಲ್ವಾ? ನಮ್ಮ ಭಾವ ಮಾಡಿದ್ದೂ ಅದನ್ನೇ. ಶಿರಾಡಿ ಘಾಟಿ ಇಳಿಯುವಾಗ, ಜೋರು ಮಳೆಯಲ್ಲಿ, ಅವರ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನಿಂತುಹೋಯಿತು. ಏಳೆಂಟು ಸಲ ಸೆಲ್ಫ್ ಹೊಡೆದರು. ಆಮೇಲೆ ಇಳಿಜಾರು ಇದೆಯಲ್ಲ ಎಂದು ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟೂ ನೋಡಿದೆವು. ಗ್ಯಾರೇಜಿನಲ್ಲಿ ನೋಡಿದರೆ ಟೈಮಿಂಗ್ ಬೆಲ್ಟ್ ಕಟ್ ಆಗಿತ್ತು. ಹೆಡ್ (ಎಂಜಿನ್‌ನ ಮೇಲ್ಭಾಗ) ಇಳಿಸಿದಾಗ ಎಂಟು ವಾಲ್ವ್ (ಗಾಳಿ, ಹೊಗೆ ಹೋಗಿಬರುವ ದಾರಿಯ ಮುಚ್ಚಳಗಳು) ಬಾಗಿದ್ದವು. ಅದರಲ್ಲಿ ಮೊದಲ ಏಟಿಗೆ ಬಾಗಿದ್ದೆಷ್ಟು, ನಾವು ಬಾಗಿಸಿದ್ದೆಷ್ಟು ಅಂತ ಮೆಕ್ಯಾನಿಕ್‌ಗೂ ಹೇಳಲಾಗಲಿಲ್ಲ.

ಒಳಗೆ ಆಗುವುದು ಇಷ್ಟು. ಎಂಜಿನ್ ಕೆಳಭಾಗದಲ್ಲಿ ತಿರುಗುವ ಕ್ರ್ಯಾಂಕ್ ಎಂಬ ದಂಡ ಸಿಲಿಂಡರ್‌ಗಳೊಳಗಿನ ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಓಡಿಸುತ್ತದೆ. ಮೇಲಿನ ಕ್ಯಾಮ್ ಎಂಬ ದಂಡ ವಾಲ್ವ್ ತೆರೆಸುತ್ತದೆ. ಕ್ರ್ಯಾಂಕ್ 2 ಸುತ್ತು ತಿರುಗಿದರೆ ಕ್ಯಾಮ್ 1 ಸುತ್ತು, ಈ ಲೆಕ್ಕ ತಪ್ಪದಂತೆ ಎರಡನ್ನೂ ಹಿಡಿದಿರುವುದು ಟೈಮಿಂಗ್ ಬೆಲ್ಟ್ ಅಥವಾ ಚೈನ್. ಅದು ಕಟ್ ಆದರೆ ಕ್ಯಾಮ್ ನಿಂತಲ್ಲೇ ನಿಲ್ಲುತ್ತದೆ, ಕೆಲವು ವಾಲ್ವ್ ತೆರೆದೇ ಉಳಿಯುತ್ತವೆ, ಆದರೆ ಗಾಡಿಯ ವೇಗಕ್ಕೆ ಪಿಸ್ಟನ್ ಓಡುತ್ತಲೇ ಇರುತ್ತದೆ. 3000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3000 ಸುತ್ತು) ಒಂದೊಂದು ಪಿಸ್ಟನ್ ಸೆಕೆಂಡಿಗೆ 50 ಸಲ ಮೇಲೆ ಬರುತ್ತದೆ, ತೆರೆದ ವಾಲ್ವ್‌ಗೆ ಹೊಡೆಯುತ್ತದೆ. ಪಿಸ್ಟನ್‌ಗೂ ವಾಲ್ವ್‌ಗೂ ನಡುವೆ ಸಾಕಷ್ಟು ಜಾಗ ಬಿಟ್ಟ ಎಂಜಿನ್‌ಗಳೂ ಇವೆ, ಅವುಗಳಿಗೆ ಹೊಸ ಬೆಲ್ಟ್ ಹಾಕಿದರೆ ಸಾಕಾಗುತ್ತದೆ. ಆದರೆ ಡೀಸೆಲ್‌ನಲ್ಲಿ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯನ್ನು ಅದುಮುವುದು) ಜಾಸ್ತಿ ಬೇಕು, ಪಿಸ್ಟನ್ ಹೆಡ್‌ಗೆ ತೀರಾ ಹತ್ತಿರ ಬರುತ್ತದೆ, ಹಾಗಾಗಿ ತಪ್ಪಿಸಿಕೊಳ್ಳುವುದು ಕಷ್ಟ.

ರಸ್ತೆಯಲ್ಲಿ ಹೀಗಾದರೆ ಮೊದಲು ಕ್ಲಚ್ ಒತ್ತಿ, ನ್ಯೂಟ್ರಲ್ ಮಾಡಿ, ಹಜಾರ್ಡ್ ಲೈಟ್ ಹಾಕಿ. ಸ್ಟೀರಿಂಗ್ ಗಟ್ಟಿಯಾಗುತ್ತದೆ, ಗಾಬರಿ ಬೇಡ, ಎರಡೂ ಕೈಯಲ್ಲಿ ಬಿಗಿಯಾಗಿ ತಿರುಗಿಸಿ. ಬ್ರೇಕ್‌ಗೆ ಎರಡು ಮೂರು ಸಲಕ್ಕಾಗುವಷ್ಟು ಬಲ ಮಾತ್ರ ಉಳಿದಿರುತ್ತದೆ, ಅದಕ್ಕೇ ಪದೇ ಪದೇ ಒತ್ತದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಾಡಿ ಪೂರ್ತಿ ನಿಲ್ಲುವ ತನಕ ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆದೀತು.

ನಿಂತ ಮೇಲೆ ಕೀ ಮುಟ್ಟಲೇಬೇಡಿ. ಗೊತ್ತಿಲ್ಲದೆ ಒಂದು ಸಲ ಸೆಲ್ಫ್ ಹೊಡೆದಿದ್ದರೆ ಆ ಸದ್ದು ನೆನಪಿಟ್ಟುಕೊಳ್ಳಿ. ಯಾವಾಗಲೂ ಬರುವ ತಡೆತಡೆದ ಸದ್ದಿನ ಬದಲು, ಹಗುರಾಗಿ ಒಂದೇ ಸಮನೆ ಗಿರಗಿರ ಅಂದರೆ ಕಂಪ್ರೆಷನ್ ಹೋಗಿದೆ, ಬೆಲ್ಟ್ ಕಟ್ ಆಗಿರುವ ಅನುಮಾನ ಬಲವಾಗಿದೆ. ತಳ್ಳಿ ಸ್ಟಾರ್ಟ್ ಮಾಡುವುದೂ ಬೇಡ, ಗೇರಿನಲ್ಲಿಟ್ಟು ಎಳೆಸುವುದೂ ಬೇಡ. ಪ್ರತಿ ಸುತ್ತಿಗೂ ಇನ್ನೊಂದು ಏಟು. ಸುಮ್ನೆ ಟೋಯಿಂಗ್ ಗಾಡಿಗೆ ಫೋನ್ ಮಾಡಿ. ಆಟೋಮ್ಯಾಟಿಕ್ ಕಾರಾದರೆ ಹೇರಿಕೊಂಡು ಹೋಗುವ ಲಾರಿಯೇ ಆಗಬೇಕು.

ಗ್ಯಾರೇಜಿನಲ್ಲಿ ಹೆಡ್ ಇಳಿಸುವ ಮಾತು ಬರುವ ಮೊದಲು ಮೇಲಿನ ಟೈಮಿಂಗ್ ಕವರ್ ತೆಗೆಸಿ ನಿಮ್ಮ ಕಣ್ಣಾರೆ ನೋಡಿ. ಬೆಲ್ಟ್ ಕಟ್ ಆಗಿದ್ದರೆ ಮೆಕ್ಯಾನಿಕ್ ಹೊಸ ಬೆಲ್ಟ್ ಹಾಕಿ, ಕ್ರ್ಯಾಂಕ್ ಮತ್ತು ಕ್ಯಾಮ್ ಕಡೆಯ ಗುರುತು ಕೂಡಿಸಿ, ಸ್ಪ್ಯಾನರ್ ಹಿಡಿದು ಕ್ರ್ಯಾಂಕನ್ನು ಕೈಯಿಂದಲೇ ನಿಧಾನವಾಗಿ 2 ಸುತ್ತು ತಿರುಗಿಸಬೇಕು. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಬೇಕು, ಬಲ ಹಾಕಬಾರದು. ಸಲೀಸಾಗಿ ತಿರುಗಿದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದು ಸಿಲಿಂಡರ್ ಕಡಿಮೆ ತೋರಿಸಿದರೂ ವಾಲ್ವ್ ಬಾಗಿರಬಹುದು, ಆಗ ಹೆಡ್ ಇಳಿಸದೆ ದಾರಿ ಇಲ್ಲ. ಇಳಿಸಿದರೆ ವಾಲ್ವ್ ಮಾತ್ರವಲ್ಲ, ವಾಲ್ವ್ ಜಾರುವ ಗೈಡ್, ವಾಲ್ವನ್ನು ಒತ್ತುವ ರಾಕರ್, ಪಿಸ್ಟನ್ ಮೇಲಿನ ಏಟಿನ ಗುರುತು ಎಲ್ಲವನ್ನೂ ನೋಡಿಸಿ.

ಇಷ್ಟೆಲ್ಲ ಆಗದಿರಬೇಕಾದರೆ ನಿಮ್ಮ ಗಾಡಿಯಲ್ಲಿ ಇರುವುದೇನು ಅಂತ ಈಗಲೇ ತಿಳಿದುಕೊಳ್ಳಿ. ಡಸ್ಟರ್ 1.5 ಡೀಸೆಲ್, ಹಳೆಯ ಇನ್ನೋವಾ 2.5 ಡೀಸೆಲ್, ಹಳೆಯ ಸ್ಯಾಂಟ್ರೋ, ಇವಕ್ಕೆ ಬೆಲ್ಟ್. ಸ್ವಿಫ್ಟ್ 1.3 ಡೀಸೆಲ್‌ಗೆ ಚೈನ್. ಚೈನ್ ಸಾಮಾನ್ಯವಾಗಿ ಮೊದಲೇ ಹೇಳುತ್ತದೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡು ಗಲಗಲ ಅನ್ನುತ್ತದೆ, ಸ್ಕ್ಯಾನ್ ಮಾಡಿಸಿದರೆ ಕೆಲವೊಮ್ಮೆ ಪಿ0016 ಕೋಡ್ (ಕ್ರ್ಯಾಂಕ್, ಕ್ಯಾಮ್ ಲೆಕ್ಕ ಹೊಂದುತ್ತಿಲ್ಲ ಎಂದರ್ಥ) ಬರುತ್ತದೆ. ಚೈನ್ ಬಿಗಿ ಹಿಡಿಯುವ ಟೆನ್ಷನರ್ ಬಹಳಷ್ಟು ಎಂಜಿನ್‌ಗಳಲ್ಲಿ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ, ಆದ್ದರಿಂದ ಆಯಿಲ್ ಬದಲಿಸುವುದನ್ನು ಮುಂದೂಡಬೇಡಿ. ಬೆಲ್ಟ್ ಮಾತ್ರ ಹೆಚ್ಚಿನ ಸಲ ಏನೂ ಹೇಳುವುದಿಲ್ಲ. ಅದು ರಬ್ಬರ್, ಕಾರು ಶೆಡ್ಡಿನಲ್ಲಿ ನಿಂತಿದ್ದರೂ ಹಳತಾಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಕಿಲೋಮೀಟರ್ ಜೊತೆಗೆ ವರ್ಷವೂ ಇದ್ದರೆ, ಯಾವುದು ಮೊದಲು ಬರುತ್ತದೋ ಅದಕ್ಕೇ ಬದಲಿಸಿ. ಟೆನ್ಷನರ್, ಐಡ್ಲರ್ (ಬೆಲ್ಟಿಗೆ ದಾರಿ ತೋರುವ ರಾಟೆ), ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಇದ್ದರೆ ಅದೂ ಜೊತೆಗೇ ಹೋಗಲಿ. ಪಂಪ್ ಜಾಮ್ ಆಗಿ ಹೊಸ ಬೆಲ್ಟ್ ಕಿತ್ತುಹೋಗುವುದೂ ಉಂಟು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು "ಮೊನ್ನೆ ತಾನೇ ಬದಲಿಸಿದ್ದು ಸಾರ್" ಅನ್ನುವ ಮಾತು ನಂಬಬೇಡಿ. ಭಾವನಿಗೂ ಹಾಗೇ ಹೇಳಿದ್ದರು. ಬಿಲ್ ಕೇಳಿ, ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ, ಆ ಖರ್ಚನ್ನು ಕಾರಿನ ಬೆಲೆಯಲ್ಲಿ ಇಳಿಸಿಕೊಳ್ಳಿ. ಬದಲಿಸಿದ ದಿನ ಹಳೆ ಬೆಲ್ಟ್ ಕೈಗೆ ಕೇಳಿ ತೆಗೆದುಕೊಳ್ಳಿ, ತಾರೀಖು ಮತ್ತು ಕಿಲೋಮೀಟರ್ ಬರೆದ ಚೀಟಿಯೊಂದನ್ನು ಬಾನೆಟ್ ಒಳಗೆ ಅಂಟಿಸಿ.