ಒಂದು ರಾತ್ರಿಗೆ ಒಂದು ಸಾಲು: ವರ್ಷವಿಡೀ ಕ್ಯಾಂಪಿಂಗ್ ಲೆಕ್ಕ ಇಟ್ಟ ಬಗೆ

ಕ್ಯಾಂಪಿಂಗ್ ದಾಖಲೆಯನ್ನು ಪ್ರವಾಸದ ಲೆಕ್ಕದಲ್ಲಿ ಇಡಬೇಡಿ, ರಾತ್ರಿಯ ಲೆಕ್ಕದಲ್ಲಿ ಇಡಿ. ಒಂದು ರಾತ್ರಿಗೆ ಒಂದು ಸಾಲು, ಅಷ್ಟೇ. ಜೊತೆಗೆ ಟೆಂಟ್ ಹೊರುವವರೇ ಇದನ್ನು ಕೇಳಿ 'ಗುಮಾಸ್ತರ ಕೆಲಸ, ಎರಡು ತಿಂಗಳು ನಡೆದರೆ ಹೆಚ್ಚು' ಅಂದಿದ್ದರು. ವರ್ಷ ತುಂಬಿ ಲೆಕ್ಕ ಇನ್ನೂ ಸಾಗಿದೆ, ಒಂದು ರಾತ್ರಿಯೂ ಬಿಟ್ಟುಹೋಗಿಲ್ಲ. ಅನುಮಾನಪಟ್ಟವರೇ ಈಗ ಸ್ಪ್ರೆಡ್‌ಶೀಟಿನ ನಕಲು ಕೇಳುತ್ತಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ಪ್ರವಾಸಕ್ಕೊಂದು ಸಾಲು ಹಾಕುವ ಪದ್ಧತಿ ಎಲ್ಲಿ ಕೈಕೊಡುತ್ತದೆ ಅಂದರೆ, ಐದು ರಾತ್ರಿಯಲ್ಲಿ ಮೂರು ಜಾಗ ಬದಲಾದಾಗ ಎತ್ತರದ ಕಾಲಂನಲ್ಲಿ ಯಾವುದನ್ನು ಬರೆಯುವುದು? ಯಾವ ರಾತ್ರಿ ಟೆಂಟ್ ಸೋರಿತು? ತಿಂಗಳ ಕೊನೆ ದಾಟಿದ ಪ್ರವಾಸ ಯಾವ ತಿಂಗಳಿಗೆ ಸೇರಬೇಕು? ಇನ್ನೊಂದು ಸಮಸ್ಯೆ, ಹೊರಟ ದಿನ ಮತ್ತು ಬಂದ ದಿನ ಎರಡನ್ನೂ ಎಣಿಸಿ ರಾತ್ರಿ ಅಂತ ಬರೆಯುವುದು. ಮೂರು ದಿನದ ಪ್ರವಾಸಕ್ಕೆ ಎರಡೇ ರಾತ್ರಿ. ವರ್ಷಕ್ಕೆ ಹತ್ತು ಪ್ರವಾಸ ಮಾಡುವವರ ಲೆಕ್ಕದಲ್ಲಿ ಹೀಗೆ ಹತ್ತು ಸುಳ್ಳು ರಾತ್ರಿ ಸೇರಿಕೊಳ್ಳುತ್ತವೆ.

ಆ್ಯಪ್ ಬಳಸಿಯೂ ನೋಡಿದ್ದಾಯಿತು. ಒಂದಕ್ಕೆ ಚಂದಾ ಕಟ್ಟಿ ವರ್ಷದ ಕೊನೆಗೆ ಎಕ್ಸ್‌ಪೋರ್ಟ್ ತೆಗೆದರೆ ಸಿಕ್ಕಿದ್ದು ಜಾಗದ ಹೆಸರು ಮತ್ತು ದಿನಾಂಕ ಮಾತ್ರ, ಟಿಪ್ಪಣಿಗಳು ಬರಲೇ ಇಲ್ಲ. ದಿನಾಂಕವೂ ಯುಟಿಸಿ ಸಮಯದಲ್ಲಿತ್ತು (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ), ಬೆಳಗಿನ ಜಾವ ಹಾಕಿದ ನಮೂದು ಹಿಂದಿನ ದಿನಕ್ಕೆ ಬಿದ್ದಿತ್ತು. ಯಾವ ಆ್ಯಪ್ ಆದರೂ ದುಡ್ಡು ಕಟ್ಟುವ ಮೊದಲು ಮೂರು ನಮೂದು ಹಾಕಿ ಸಿಎಸ್‌ವಿ (ಯಾವ ಶೀಟಿನಲ್ಲೂ ತೆರೆಯುವ ಸರಳ ಪಠ್ಯದ ಫೈಲ್) ತೆಗೆದು ನೋಡಿ. ಫೋಟೊಗಳನ್ನೇ ದಾಖಲೆ ಮಾಡಿಕೊಳ್ಳುತ್ತೇನೆ ಅನ್ನುವವರಿಗೆ ಒಂದು ಮಾತು: ಮೂಲ ಫೈಲ್‌ನಲ್ಲಿ ಸಮಯ, ಸ್ಥಳ ಎರಡೂ ಇರುತ್ತವೆ ನಿಜ, ಆದರೆ ಮೆಸೇಜ್ ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಪ್ರತಿಯಲ್ಲಿ ಸಾಮಾನ್ಯವಾಗಿ ಆ ಮಾಹಿತಿ ಉಳಿಯುವುದಿಲ್ಲ.

ಎಣಿಕೆಯ ನಿಯಮ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಮಲಗಿದ ಸಂಜೆಯ ದಿನಾಂಕವೇ ರಾತ್ರಿಯ ದಿನಾಂಕ. ಡಿಸೆಂಬರ್ 31ರ ರಾತ್ರಿ ಹಳೇ ವರ್ಷದ್ದು, ಎದ್ದದ್ದು ಜನವರಿ 1ಕ್ಕಾದರೂ. ಕತ್ತಲಾದ ಮೇಲೆ ಬೆಳಕು ಹರಿಯುವುದರೊಳಗೆ ಕನಿಷ್ಠ ನಾಲ್ಕು ಗಂಟೆ ಹೊರಗೆ ಮಲಗಿದ್ದರೆ ಮಾತ್ರ ಒಂದು ರಾತ್ರಿ. ಮಳೆ ಹೊಡೆದು ಮಧ್ಯರಾತ್ರಿ ಎದ್ದು ಸೂರಿನಡಿಗೆ ಓಡಿದರೆ ಸಾಲು ಇರಲಿ, ಎಣಿಕೆ ಸೊನ್ನೆ. ಆ ಸಾಲುಗಳೇ ಮುಂದೆ ಹೆಚ್ಚು ಕಲಿಸುತ್ತವೆ. ಟೆಂಟ್, ಹ್ಯಾಮಕ್ (ಮರಕ್ಕೆ ಕಟ್ಟುವ ತೂಗುಹಾಸಿಗೆ), ಟಾರ್ಪ್ (ಮೇಲೆ ಕಟ್ಟುವ ತಾಡಪಾಲು), ವಾಹನ, ಮನೆಯಂಗಳ, ಇವಕ್ಕೆ ಒಂದೊಂದು ಅಕ್ಷರದ ಕೋಡ್. ವಾಹನದ ರಾತ್ರಿಯನ್ನು ಟೆಂಟಿನ ರಾತ್ರಿಯೊಂದಿಗೆ ಕೂಡಿಸಿ ದೊಡ್ಡ ಸಂಖ್ಯೆ ಹೇಳುವುದು ನನಗೆ ಒಪ್ಪಿಗೆಯಿಲ್ಲ.

ಜಾಗದಲ್ಲಿ ಬರೆಯುವುದು ಪುಟ್ಟ ನೋಟ್‌ಬುಕ್ಕಿನಲ್ಲಿ, ಪೆನ್ಸಿಲ್‌ನಲ್ಲಿ. ಜೆಲ್ ಪೆನ್ನಿನ ಬರಹ ಒದ್ದೆಯಾದರೆ ಹರಡುತ್ತದೆ, ಬಾಲ್ ಪೆನ್ ಚಳಿಗೆ ಗಟ್ಟಿಯಾಗುತ್ತದೆ. ಮಲಗುವ ಮುನ್ನ ನಾಲ್ಕು ವಿಷಯ: ಜಾಗ, ಎತ್ತರ, ಗಾಳಿ, ಯಾವ ಟೆಂಟ್-ಸ್ಲೀಪಿಂಗ್ ಬ್ಯಾಗ್-ಮ್ಯಾಟ್. ಎದ್ದ ಮೇಲೆ ನಾಲ್ಕು: ಕನಿಷ್ಠ ಉಷ್ಣಾಂಶ, ಟೆಂಟಿನೊಳಗಿನ ತೇವ (0ರಿಂದ 3), ನಿದ್ದೆ (1ರಿಂದ 5), ಟೆಂಟನ್ನು ಒದ್ದೆಯಾಗಿ ಮಡಿಸಿದೆವೋ ಒಣಗಿಸಿಯೋ. ಇದಕ್ಕಿಂತ ಹೆಚ್ಚು ಕಾಲಂ ಇಟ್ಟವರು ಮೂರನೇ ಪ್ರವಾಸಕ್ಕೆ ಬಿಟ್ಟುಬಿಡುತ್ತಾರೆ. ಮೊದಲು ಇಪ್ಪತ್ತರ ಹತ್ತಿರ ಕಾಲಂಗಳಿದ್ದ ಶೀಟು ಹಾಗೇ ಸತ್ತಿತು.

ಉಷ್ಣಾಂಶದಲ್ಲಿ ಮೋಸ ಹೋಗುವವರೇ ಹೆಚ್ಚು. ಫೋನ್ ತೋರಿಸುವುದು ಬ್ಯಾಟರಿಯ ಬಿಸಿ. ಕನಿಷ್ಠ-ಗರಿಷ್ಠ ನೆನಪಿಡುವ ಸಣ್ಣ ಥರ್ಮಾಮೀಟರ್ ಬೇಕು, ಅದು ಟೆಂಟಿನ ಹೊರಗೆ ಎದೆಮಟ್ಟದಲ್ಲಿ, ಅಂದರೆ ಸುಮಾರು 1.25 ಮೀಟರ್ ಎತ್ತರದಲ್ಲಿ ತೂಗಬೇಕು. ಆಕಾಶ ತಿಳಿಯಾಗಿರುವ ರಾತ್ರಿ ನೆಲ ತನ್ನ ಬಿಸಿಯನ್ನು ಬೇಗ ಕಳೆದುಕೊಳ್ಳುತ್ತದೆ. ಹುಲ್ಲಿನ ಮೇಲಿಟ್ಟ ಥರ್ಮಾಮೀಟರ್ ಎದೆಮಟ್ಟದ್ದಕ್ಕಿಂತ ಮೂರು ನಾಲ್ಕು ಡಿಗ್ರಿ ಕಡಿಮೆ ತೋರಿಸಿದ್ದುಂಟು. ಟೆಂಟಿನೊಳಗೆ ಇಟ್ಟರೆ ಹೊರಗಿಗಿಂತ ಹೆಚ್ಚು ಬರುತ್ತದೆ. ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ ಸೂರ್ಯೋದಯದ ಆಸುಪಾಸಿನಲ್ಲಿ ಬರುವುದರಿಂದ ಬೆಳಕಾದ ಮೇಲೆಯೇ ಓದಿ, ಬಿಸಿಲು ಬೀಳುವ ಮೊದಲು.

ಈ ಒಂದು ಕಾಲಂನಿಂದ ದುಡ್ಡು ಉಳಿಯಿತು. ಸ್ಲೀಪಿಂಗ್ ಬ್ಯಾಗ್ ಮೇಲಿನ ಐಎಸ್‌ಒ 23537 ಮಾನದಂಡದ ಅಂಕೆಗಳಲ್ಲಿ 'ಕಂಫರ್ಟ್' (ಆರಾಮವಾಗಿ ಮಲಗಬಹುದಾದ ಉಷ್ಣಾಂಶ) ಬೇರೆ, 'ಲಿಮಿಟ್' (ಮುದುಡಿ ಮಲಗಿ ತಡೆಯಬಹುದಾದ ಕೆಳಮಟ್ಟ) ಬೇರೆ. ಉಷ್ಣಾಂಶ ಮತ್ತು ನಿದ್ದೆಯ ಅಂಕ ಪಕ್ಕಪಕ್ಕ ಇಟ್ಟು ನೋಡಿದಾಗ ನಡುಗಿದ ರಾತ್ರಿಗಳಲ್ಲಿ ಹೆಚ್ಚಿನವಕ್ಕೆ ಕಾರಣ ಬ್ಯಾಗ್ ಅಲ್ಲ, ತೆಳು ಮ್ಯಾಟ್ ಅಂತ ಗೊತ್ತಾಯಿತು. ಮ್ಯಾಟಿನ ಆರ್-ಮೌಲ್ಯ (ನೆಲದ ಚಳಿ ತಡೆಯುವ ಶಕ್ತಿಯ ಅಳತೆ) ಒಂದರ ಮೇಲೊಂದು ಹಾಸಿದರೆ ಕೂಡುತ್ತದೆ: 2ರ ಫೋಮ್, ಅದರ ಮೇಲೆ 3ರ ಗಾಳಿ ಮ್ಯಾಟ್, ಒಟ್ಟು 5. ಹೊಸ ಬ್ಯಾಗ್ ಕೊಳ್ಳುವ ಬದಲು ಅದರ ಹತ್ತನೇ ಒಂದು ಭಾಗದ ಬೆಲೆಗೆ ಫೋಮ್ ತಂದರೆ ಕೆಲಸ ಮುಗಿಯಿತು.

ಜಾಗದ ಅಂಕೆಗಳನ್ನು (ಅಕ್ಷಾಂಶ, ರೇಖಾಂಶ) ದಶಮಾಂಶ ಡಿಗ್ರಿಯಲ್ಲೇ ಬರೆಯಿರಿ, ಬಿಂದುವಿನ ನಂತರ ಐದು ಸ್ಥಾನ. ಐದನೇ ಸ್ಥಾನ ಅಂದರೆ ಸುಮಾರು ಒಂದು ಮೀಟರ್. ಅಕ್ಷಾಂಶದ 40 ಡಿಗ್ರಿ 30 ನಿಮಿಷವನ್ನು 40.30 ಅಂತ ಬರೆದರೆ ಜಾಗ 22 ಕಿಲೋಮೀಟರ್ ಆಚೆ ಹೋಗುತ್ತದೆ, ಸರಿಯಾದದ್ದು 40.50. ಏರೋಪ್ಲೇನ್ ಮೋಡ್‌ನಲ್ಲಿ ಈಗಿನ ಹೆಚ್ಚಿನ ಫೋನ್‌ಗಳ ಜಿಪಿಎಸ್ ಕೆಲಸ ಮಾಡುತ್ತದೆ, ಮೊದಲ ಸಲ ಹಿಡಿಯಲು ಕೆಲವು ನಿಮಿಷ ಬೇಕು, ಅವಸರ ಮಾಡಬೇಡಿ. ಎತ್ತರಕ್ಕೆ ಮಾತ್ರ ಜಿಪಿಎಸ್ ನಂಬಬೇಡಿ. ಕೆಲವು ಆ್ಯಪ್‌ಗಳು ಸಮುದ್ರಮಟ್ಟದಿಂದ ಅಳೆಯದೆ ಭೂಮಿಯ ಗಣಿತದ ಮಾದರಿಯಿಂದ ಅಳೆದ ಎತ್ತರ ಕೊಡುತ್ತವೆ. ಜಾಗ ನೋಡಿ ಈ ವ್ಯತ್ಯಾಸ ನೂರು ಮೀಟರ್‌ವರೆಗೂ ಹೋಗುತ್ತದೆ. ನಕ್ಷೆಯ ಸಮೋನ್ನತಿ ರೇಖೆ ನೋಡಿ ಬರೆಯುವುದೇ ಮೇಲು.

ಇಲ್ಲೊಂದು ಉಪಪ್ರಯೋಗ. ವಾಯುಭಾರದ ಆಲ್ಟಿಮೀಟರ್ (ಗಾಳಿಯ ಒತ್ತಡದಿಂದ ಎತ್ತರ ಲೆಕ್ಕಹಾಕುವ ಸಾಧನ) ಇರುವ ಗಡಿಯಾರದಲ್ಲಿ ಮಲಗುವಾಗ ಒಂದು, ಎದ್ದಾಗ ಒಂದು ಎತ್ತರ ಬರೆದಿಟ್ಟೆ. ಕದಲದೇ ಮಲಗಿದ್ದರೂ 40 ಮೀಟರ್ 'ಏರಿದ್ದರೆ' ಒತ್ತಡ ಸುಮಾರು 5 ಹೆಕ್ಟೊಪ್ಯಾಸ್ಕಲ್ ಇಳಿದಿದೆ ಅಂತ ಅರ್ಥ. ಅಂಥ ಬೆಳಗುಗಳಲ್ಲಿ ಬಹುಪಾಲು ಮಧ್ಯಾಹ್ನದೊಳಗೆ ಹವಾಮಾನ ಕೆಟ್ಟಿತ್ತು. ಈಗ 30 ಮೀಟರ್ ದಾಟಿದರೆ ಮೊದಲು ಟೆಂಟ್ ಬಿಚ್ಚುವುದು, ತಿಂಡಿ ಆಮೇಲೆ.

ಗ್ಯಾಸ್ ಡಬ್ಬಿಯನ್ನು ಹೊರಡುವ ಮುನ್ನ, ಬಂದ ಮೇಲೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ರಾತ್ರಿಗಳಿಂದ ಭಾಗಿಸಿ. ಗಾಳಿಯಿಲ್ಲದ ಕಡೆ ಒಂದು ಲೀಟರ್ ನೀರು ಕುದಿಯಲು ಅಂದಾಜು 12 ಗ್ರಾಂ ಹೋಗುತ್ತದೆ, ಗಾಳಿಗೆ ಮರೆ ಇಲ್ಲದಿದ್ದರೆ ದುಪ್ಪಟ್ಟು. ಬರೀ ಬ್ಯೂಟೇನ್ ಡಬ್ಬಿ ಸೊನ್ನೆ ಡಿಗ್ರಿಯ ಹತ್ತಿರ ಕೆಲಸ ನಿಲ್ಲಿಸುತ್ತದೆ, ಅದು ಕುದಿಯುವುದೇ ಮೈನಸ್ 0.5ರಲ್ಲಿ. ತಣ್ಣನೆ ರಾತ್ರಿಗಳ ಸಾಲು ನೋಡಿದರೆ ಐಸೊಬ್ಯೂಟೇನ್-ಪ್ರೊಪೇನ್ ಮಿಶ್ರಣಕ್ಕೆ ದುಡ್ಡು ಯಾವಾಗ ಕೊಡಬೇಕು ಅಂತ ತಿಳಿಯುತ್ತದೆ.

ಪ್ರತಿ ಸಾಮಾನಿಗೂ ರಾತ್ರಿಯ ಖರ್ಚು ತೆಗೆಯಿರಿ: ಕೊಂಡ ಬೆಲೆ, ರಿಪೇರಿ, ಸೀಮ್ ಸೀಲರ್ (ಹೊಲಿಗೆ ಸೋರದಂತೆ ಹಚ್ಚುವ ಅಂಟು) ಎಲ್ಲ ಕೂಡಿ ಬಳಸಿದ ರಾತ್ರಿಗಳಿಂದ ಭಾಗಿಸಿ. ಅಗ್ಗದ ಟೆಂಟಿನ ಬೆಲೆ ಒಂದು ಪಾಲಾದರೆ ಒಳ್ಳೆಯದಕ್ಕೆ ನಾಲ್ಕು ಪಾಲು. ಅಗ್ಗದ್ದು ಹತ್ತು ಹನ್ನೆರಡು ರಾತ್ರಿಗೆ ಪೋಲ್ ಸೀಳಿ ಮೂಲೆ ಸೇರಿದರೆ, ಒಳ್ಳೆಯದು ಐವತ್ತು ದಾಟಿದ ಕೂಡಲೇ ರಾತ್ರಿ ಲೆಕ್ಕದಲ್ಲಿ ಅಗ್ಗವಾಯಿತು. ವರ್ಷಕ್ಕೆ ಎರಡು ಮೂರು ರಾತ್ರಿ ಮಾತ್ರ ಬಳಸುವ ಭಾರೀ ಚಳಿಯ ಬ್ಯಾಗನ್ನು ಬಾಡಿಗೆಗೆ ತರುವುದೇ ಲೇಸು. ಒದ್ದೆ ಮಡಿಸಿದ ಕಾಲಂ ಇರುವುದೂ ಇದಕ್ಕೇ. ತೇವದಲ್ಲಿ ಉಳಿದರೆ ತಳದ ಪಾಲಿಯುರಿಥೇನ್ ಲೇಪ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಆ ಗುರುತು ಬಿದ್ದ ಟೆಂಟನ್ನು ಮನೆಗೆ ಬಂದ ದಿನವೇ ಬಿಚ್ಚಿ ನೆರಳಿನಲ್ಲಿ ಹರವಬೇಕು.

ಶೀಟಿನಲ್ಲಿ ದಿನಾಂಕ 2025-03-09 ರೂಪದಲ್ಲೇ ಇರಲಿ. 03/09 ಅಂತ ಬರೆದರೆ ಒಂದು ಫೋನ್ ಮಾರ್ಚ್ ಅನ್ನುತ್ತದೆ, ಇನ್ನೊಂದು ಸೆಪ್ಟೆಂಬರ್. ಪ್ರವಾಸಕ್ಕೆ ಒಂದು ಕೋಡ್ ಕಾಲಂ ಸಾಕು, ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಕೂಡುವ ಶೀಟಿನ ಸೌಲಭ್ಯ) ಹಾಕಿದರೆ ಪ್ರವಾಸವಾರು, ತಿಂಗಳವಾರು, ಟೆಂಟ್‌ವಾರು ಎಣಿಕೆ ತಾನಾಗಿಯೇ ಬರುತ್ತದೆ. ಟೆಂಟ್ ಹಾಕುವ ಜಾಗಕ್ಕೆ ಅಂಕ ಕೊಡುವ ಸೂತ್ರವೊಂದು ಇದೇ ಸಾಲುಗಳಿಂದ ಹುಟ್ಟಿದೆ, ತೇವದ ಅಂಕ ಅರ್ಧಕ್ಕೆ ಇಳಿದಿದೆ. ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ವರ್ಷಕ್ಕೊಂದು ಹೊಸ ಫೈಲ್ ತೆರೆಯಬೇಡಿ, ಟೆಂಟಿನ ಆಯಸ್ಸು ಜನವರಿಗೆ ಮೊದಲಾಗುವುದಿಲ್ಲ. ಒಂದೇ ಶೀಟು ಮುಂದುವರಿಯಲಿ, ತಿಂಗಳಿಗೊಮ್ಮೆ ಸಿಎಸ್‌ವಿ ಪ್ರತಿ ತೆಗೆದು ಜಿಪಿಎಕ್ಸ್ ಫೈಲುಗಳ (ಜಿಪಿಎಸ್ ದಾರಿಯ ದಾಖಲೆ) ಜೊತೆ ಇಡಿ. ಜಿಪಿಎಕ್ಸ್ ಫೈಲಿನ ಹೆಸರು ದಿನಾಂಕದಿಂದಲೇ ಶುರುವಾಗಲಿ, ಹುಡುಕುವುದು ತಪ್ಪುತ್ತದೆ.